ಬೆಟ್ಟದ ಮೇಲಿನ ವಿಚಿತ್ರ ಸಂಸಾರ

ಬೀದಿಯ ತುದಿಯ ಮನೆಗೆ ಹೊಸಬರು ಬಾಡಿಗೆಗೆ ಬಂದರೆ ಅವರ ಸಾಮಾನು ಲಾರಿಯಿಂದ ಇಳಿಯುವ ಮುಂಚೆಯೇ ನಮ್ಮ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಊರಿನವರಂತೆ? ಮನೆಯಲ್ಲಿ ಯಾವ ಭಾಷೆ? ಹೆಂಗಸರು ಹೊರಗೆ ಕಾಣಿಸುವುದೇ ಇಲ್ಲವಲ್ಲ, ಏಕೆ? ಆ ಮುದುಕಿ ಯಾಕೆ ಒಬ್ಬಳೇ ಮಾತನಾಡಿಕೊಳ್ಳುತ್ತಾಳೆ? ವಾರ ಕಳೆಯುವುದರೊಳಗೆ ಆ ಸಂಸಾರದ ಬಗ್ಗೆ ಒಂದು ಕಥೆ ಸಿದ್ಧವಾಗಿರುತ್ತದೆ. ಆದರೆ ಅವರ ಬಾಗಿಲು ತಟ್ಟಿ, ಒಳಗೆ ಕೂತು, ಒಂದು ಲೋಟ ನೀರು ಕುಡಿದು ಬಂದವರು ಮಾತ್ರ ಯಾರೂ ಇರುವುದಿಲ್ಲ.

ಇಂತಹ ಬೀದಿಯ ಕಥೆಯನ್ನೇ ಮಕ್ಕಳಿಗಾಗಿ ಹೇಳಿದ ಚಿತ್ರ 'ದಿ ಆಡಮ್ಸ್ ಫ್ಯಾಮಿಲಿ'. ಕಂಪ್ಯೂಟರ್ ಅನಿಮೇಶನ್‌ನಲ್ಲಿ ತಯಾರಾದ ಈ ಚಿತ್ರ 2019ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತೆರೆ ಕಂಡಿತು. ಕಾನ್ರಾಡ್ ವರ್ನನ್ ಮತ್ತು ಗ್ರೆಗ್ ಟಿಯರ್ನನ್ ಅದರ ನಿರ್ದೇಶಕರು. 1964ರಲ್ಲಿ ಪ್ರಸಾರವಾಗಿದ್ದ ಹಾಸ್ಯ ಧಾರಾವಾಹಿಯೊಂದು ಮತ್ತು ಅದಕ್ಕೂ ಹಿಂದಿನ ವ್ಯಂಗ್ಯಚಿತ್ರಗಳು ಈ ಚಿತ್ರಕ್ಕೆ ಮೂಲ. ಹೆಸರು ಕೇಳಿದವರು ಇದೊಂದು ದೆವ್ವದ ಕಥೆ ಎಂದುಕೊಳ್ಳಬಹುದು. ಪಾಳು ಬಂಗಲೆ, ಮಂಜು, ಜೇಡರ ಬಲೆ, ಕಪ್ಪು ಉಡುಪು ಎಲ್ಲವೂ ಅದರಲ್ಲಿವೆ. ಆದರೆ ಕಥೆಯ ಒಳಗೆ ಹೋದಂತೆ ಅದು ತಾಯಿ-ಮಗಳ ಕಥೆ, ನೆರೆಹೊರೆಯ ಕಥೆ ಎಂಬುದು ತಿಳಿಯುತ್ತದೆ.

ಹೆಸರಿಲ್ಲದ ಸಂಸಾರ

ಈ ಕುಟುಂಬ ಹುಟ್ಟಿದ್ದು ಚಾರ್ಲ್ಸ್ ಆಡಮ್ಸ್ ಎಂಬ ವ್ಯಂಗ್ಯಚಿತ್ರಕಾರನ ಕೈಯಲ್ಲಿ. ಅವರು ಜನಿಸಿದ್ದು 1912ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಹಳೆಯ ಕಾಲದ ದೊಡ್ಡ ಮನೆಗಳು, ಸ್ಮಶಾನಗಳು ಎಂದರೆ ಅವರಿಗೆ ಬಾಲ್ಯದಿಂದಲೇ ಆಕರ್ಷಣೆ. 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಅವರ ಚಿತ್ರಗಳು ಪ್ರಕಟವಾಗುತ್ತಿದ್ದವು. ಈ ವಿಚಿತ್ರ ಕುಟುಂಬದ ಮೊದಲ ಚಿತ್ರ ಅಲ್ಲಿ ಕಾಣಿಸಿಕೊಂಡದ್ದು 1938ರಲ್ಲಿ. ಆಗ ಆ ಪಾತ್ರಗಳಿಗೆ ಹೆಸರೇ ಇರಲಿಲ್ಲ. ಕಪ್ಪು ಗೌನಿನ ತೆಳ್ಳನೆಯ ಹೆಂಗಸು, ಮೀಸೆಯ ಗಂಡ, ನಗದ ಹುಡುಗಿ, ದಪ್ಪಗಿನ ಹುಡುಗ, ಬಾಗಿಲು ತೆರೆಯುವ ಎತ್ತರದ ಸೇವಕ, ಇಷ್ಟೇ.

1964ರಲ್ಲಿ ಡೇವಿಡ್ ಲೆವಿ ಎಂಬವರು ಇದನ್ನು ಕಿರುತೆರೆಗೆ ತಂದಾಗ ಎಲ್ಲರಿಗೂ ಹೆಸರು ಬಂತು. ಗಂಡ ಗೋಮೆಜ್, ಹೆಂಡತಿ ಮೋರ್ಟೀಶಿಯಾ, ಮಗಳು ವೆನ್ಸ್‌ಡೇ, ಮಗ ಪಗ್ಸ್‌ಲೀ, ಬೋಳು ತಲೆಯ ಫೆಸ್ಟರ್, ಸೇವಕ ಲರ್ಚ್, ಮನೆಯ ಅಜ್ಜಿ. ಪೆಟ್ಟಿಗೆಯಿಂದ ಹೊರಬಂದು ಕೆಲಸ ಮಾಡಿಕೊಡುವ ಬರೀ ಒಂದು ಕೈಗೆ 'ಥಿಂಗ್' ಎಂದು ಹೆಸರು. ಆ ವರ್ಷದ ಸೆಪ್ಟೆಂಬರ್‌ನಿಂದ 1966ರ ಏಪ್ರಿಲ್‌ವರೆಗೆ ಎಬಿಸಿ ವಾಹಿನಿಯಲ್ಲಿ ಒಟ್ಟು 64 ಕಂತುಗಳು ಬಂದವು. ಎಲ್ಲವೂ ಕಪ್ಪು-ಬಿಳುಪು. ವಿಕ್ ಮಿಜ್ಜಿ ಸಂಯೋಜಿಸಿದ, ಬೆರಳು ಚಿಟಿಕೆ ಹೊಡೆಯುವ ಅದರ ಶೀರ್ಷಿಕೆ ಸಂಗೀತವನ್ನು ಅಮೆರಿಕದಲ್ಲಿ ಗುರುತಿಸದವರು ಕಡಿಮೆ.

ಧಾರಾವಾಹಿಯ ಹಾಸ್ಯದ ಗುಟ್ಟು ಸರಳವಾದದ್ದು. ಈ ಮನೆಗೆ ಯಾರೋ ಒಬ್ಬ 'ಸಾಮಾನ್ಯ' ಮನುಷ್ಯ ಬರುತ್ತಾನೆ. ಮನೆಯವರು ಅವನನ್ನು ತುಂಬು ಹೃದಯದಿಂದ ಸ್ವಾಗತಿಸುತ್ತಾರೆ, ಕೂರಿಸುತ್ತಾರೆ, ಊಟಕ್ಕೆ ಒತ್ತಾಯಿಸುತ್ತಾರೆ. ಅವನು ಹೆದರಿ ಓಡಿಹೋಗುತ್ತಾನೆ. ಪಾಪ, ಅವನಿಗೇನಾಯಿತೋ ಎಂದು ಮನೆಯವರು ಮರುಗುತ್ತಾರೆ. ಮೊದಲ ಕಂತಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಲ್ಲವೆಂದು ವಿಚಾರಿಸಲು ಅಧಿಕಾರಿಯೊಬ್ಬ ಬರುತ್ತಾನೆ. ಶಾಲೆಗೆ ಹೋದ ಮಗಳು ಅಳುತ್ತಾ ಹಿಂದಿರುಗುತ್ತಾಳೆ. ಏಕೆಂದರೆ ಅಲ್ಲಿ ಓದಿಸಿದ ಕಥೆಯಲ್ಲಿ ಯೋಧನೊಬ್ಬ ಡ್ರ್ಯಾಗನ್ ಒಂದನ್ನು ಕೊಂದುಹಾಕಿದ್ದಾನೆ! ಮಕ್ಕಳಿಗೆ ಇಂತಹ ಹಿಂಸೆಯ ಕಥೆ ಕಲಿಸಬಹುದೇ ಎಂದು ತಂದೆ-ತಾಯಿ ಕೆರಳುತ್ತಾರೆ. ನಗು ಬರುತ್ತದೆ ನಿಜ. ಆದರೆ ಪ್ರಶ್ನೆಯಲ್ಲಿ ತಪ್ಪೇನಿದೆ?

ಜಗಳವಿಲ್ಲದ ದಾಂಪತ್ಯ

ಈ ಸಂಸಾರವನ್ನು ಹೆಂಗಸರು ಗಮನಿಸಬೇಕಾದ ಇನ್ನೊಂದು ಕಾರಣವಿದೆ. ಕಿರುತೆರೆಯ ಹಾಸ್ಯವೆಂದರೆ ಬಹುಪಾಲು ಗಂಡ-ಹೆಂಡಿರ ಕಿತ್ತಾಟ. ಹೆಂಡತಿ ಬಾಯಿಬಡುಕಿ, ಗಂಡ ಪೆದ್ದ, ಅತ್ತೆ ಶತ್ರು. ಅದನ್ನು ನೋಡಿ ನಾವು ನಗುತ್ತೇವೆ, ಮಕ್ಕಳೂ ನಗುತ್ತಾರೆ, ಸಂಸಾರವೆಂದರೆ ಹೀಗೆಯೇ ಎಂದುಕೊಳ್ಳುತ್ತಾರೆ. ಆಡಮ್ಸ್ ಮನೆಯಲ್ಲಿ ಆ ಬಗೆಯ ಹಾಸ್ಯಕ್ಕೆ ಜಾಗವಿಲ್ಲ. ಜಾನ್ ಆ್ಯಸ್ಟಿನ್ ನಟಿಸಿದ ಗೋಮೆಜ್‌ಗೆ ಕ್ಯಾರೊಲಿನ್ ಜೋನ್ಸ್ ನಟಿಸಿದ ಮೋರ್ಟೀಶಿಯಾ ಎಂದರೆ ಪ್ರಾಣ. ಆಕೆಯ ಬಾಯಿಂದ ಒಂದು ಫ್ರೆಂಚ್ ಪದ ಬಿದ್ದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬರುತ್ತಾನೆ. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೂ ಹೆಂಡತಿಯ ಮಾತನ್ನು ಕಿವಿಗೊಟ್ಟು ಕೇಳುವ ಗಂಡ ಅವನು.

ಅಜ್ಜಿ, ಚಿಕ್ಕಪ್ಪ, ಮಕ್ಕಳು, ಸೇವಕ, ಬಂದುಹೋಗುವ ನೆಂಟರು ಎಲ್ಲರೂ ಒಂದೇ ಸೂರಿನಡಿ. ಮೈಯೆಲ್ಲ ಕೂದಲೇ ತುಂಬಿ ಮುಖವೇ ಕಾಣದ ಬಂಧುವೊಬ್ಬ ಬಂದರೂ 'ಹೀಗೇಕಿದ್ದೀಯ?' ಎಂದು ಯಾರೂ ಕೇಳುವುದಿಲ್ಲ. ನೆಂಟರ ಎದುರು ಮಗಳ ಬಣ್ಣ, ಮಗನ ಅಂಕ, ಸೊಸೆಯ ದಪ್ಪ ಎಂದು ಲೆಕ್ಕ ಹಾಕುವ ಮನೆಗಳೊಂದಿಗೆ ಇದನ್ನು ಹೋಲಿಸಿ ನೋಡಿ. ಯಾವುದು ವಿಚಿತ್ರ?

ಅದೇ ತಿಂಗಳಲ್ಲಿ, ಅಂದರೆ 1964ರ ಸೆಪ್ಟೆಂಬರ್‌ನಲ್ಲಿಯೇ, ಸಿಬಿಎಸ್ ವಾಹಿನಿ 'ದಿ ಮನ್ಸ್‌ಟರ್ಸ್' ಎಂಬ ಇಂಥದ್ದೇ ಧಾರಾವಾಹಿ ಆರಂಭಿಸಿತು. ಅದರಲ್ಲಿ ಮನೆಯವರೆಲ್ಲ ಹಳೆಯ ಭಯಾನಕ ಚಿತ್ರಗಳಿಂದ ಎದ್ದು ಬಂದವರಂತೆ ಕಾಣುತ್ತಾರೆ. ಮೇರಿಲಿನ್ ಎಂಬ ಒಬ್ಬ ಹುಡುಗಿ ಮಾತ್ರ ಲೋಕದ ಕಣ್ಣಿಗೆ ಚೆಲುವೆ. ಆದರೆ ಮನೆಯವರ ಕಣ್ಣಿಗೆ ಪಾಪದ ಹುಡುಗಿ, ರೂಪವಿಲ್ಲದವಳು. ಇವಳಿಗೆ ಗಂಡು ಸಿಗುವುದು ಹೇಗೆ ಎಂದು ಅವರು ಕೊರಗುತ್ತಾರೆ. ರೂಪದ ಅಳತೆಗೋಲು ಯಾರ ಕೈಯಲ್ಲಿದೆಯೋ ಅವರಂತೆ ಅದು ಬದಲಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಟ್ಟೆ ಹಿಡಿದು ನಿಂತವರಿಗೆ ಇದರ ಅರ್ಥ ಬೇಗ ತಿಳಿದೀತು. ರಾಬ್ ಜಾಂಬಿ ಎಂಬ ನಿರ್ದೇಶಕ 2022ರಲ್ಲಿ ಈ ಕಥೆಯನ್ನೂ ಚಿತ್ರವಾಗಿಸಿದರು.

ಒಂದೇ ಅಚ್ಚಿನ ಊರು

ಈ ಧಾರಾವಾಹಿಗಳು ಬಂದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರಗೆ ಹೊಸ ಬಡಾವಣೆಗಳು ಎದ್ದವು. ಅವುಗಳಲ್ಲಿ ಹೆಸರುವಾಸಿಯಾದದ್ದು ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್. 1947ರಲ್ಲಿ ಆರಂಭವಾದ ಅಲ್ಲಿ ಕೆಲವೇ ವರ್ಷಗಳಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ನಿಂತವು. ಬಹುತೇಕ ಎಲ್ಲವೂ ಒಂದೇ ಅಚ್ಚಿನವು. ಮನೆಗಳಷ್ಟೇ ಅಲ್ಲ, ವಾಸಿಸುವವರೂ ಒಂದೇ ಬಗೆಯವರಾಗಿರಬೇಕಿತ್ತು. ಬಿಳಿಯರಲ್ಲದವರಿಗೆ ಅಲ್ಲಿ ಮನೆಯಿಲ್ಲ ಎಂಬ ಷರತ್ತು ಆರಂಭದ ಕರಾರು ಪತ್ರಗಳಲ್ಲಿಯೇ ಇತ್ತು.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿಯೂ ಅದೇ ಹೆಸರಿನ ಇನ್ನೊಂದು ಬಡಾವಣೆ ಎದ್ದಿತು. 1957ರ ಆಗಸ್ಟ್‌ನಲ್ಲಿ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕರಿಯ ದಂಪತಿ ತಮ್ಮ ಪುಟ್ಟ ಮಕ್ಕಳೊಂದಿಗೆ ಅಲ್ಲಿಗೆ ವಾಸಕ್ಕೆ ಬಂದರು. ಸುದ್ದಿ ಹರಡಿದ ಕೂಡಲೇ ಮನೆಯೆದುರು ನೂರಾರು ಜನ ಸೇರಿದರು. ಕಲ್ಲು ತೂರಿ ಕಿಟಕಿ ಒಡೆದರು. ದಿನಗಟ್ಟಲೆ ಗದ್ದಲ ನಡೆಯಿತು, ಪೊಲೀಸರು ಬರಬೇಕಾಯಿತು. ಪಕ್ಕದ ಮನೆಯ ಯಹೂದಿ ಕುಟುಂಬವೊಂದು ಮಾತ್ರ ಕಿರುಕುಳ ಸಹಿಸಿಕೊಂಡು ಅವರ ಜೊತೆ ನಿಂತಿತು. ಮೈಯರ್ಸ್ ಕುಟುಂಬ ಹೆದರಿ ಓಡಲಿಲ್ಲ, ಕೆಲವು ವರ್ಷ ಅಲ್ಲಿಯೇ ಬಾಳಿತು. ಜನಾಂಗ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆಗೆ ಅಮೆರಿಕದಲ್ಲಿ ಸಹಿ ಬಿದ್ದದ್ದು 1964ರ ಜುಲೈಯಲ್ಲಿ. ಅದಾಗಿ ಎರಡೇ ತಿಂಗಳಿಗೆ ಈ ಎರಡು ವಿಚಿತ್ರ ಕುಟುಂಬಗಳು ಕಿರುತೆರೆಗೆ ಬಂದವು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದ ಮಾಡಬಾರದೆಂಬ ಕಾಯಿದೆ ಬರಲು 1968ರವರೆಗೆ ಕಾಯಬೇಕಾಯಿತು.

ಹಾಸ್ಯ ಧಾರಾವಾಹಿ ಬರೆದವರ ಮನಸ್ಸಿನಲ್ಲಿ ಇದೆಲ್ಲ ಇತ್ತು ಎಂದು ಹೇಳಬೇಕಾಗಿಲ್ಲ. ಆದರೆ 2019ರ ಚಿತ್ರ ಇದನ್ನು ನೇರವಾಗಿಯೇ ಎತ್ತಿಕೊಂಡಿದೆ. ಅದರಲ್ಲಿ ಬರುವ ಊರಿನ ಹೆಸರೇ 'ಅಸಿಮಿಲೇಶನ್', ಅಂದರೆ ಎಲ್ಲರೊಳಗೆ ಕರಗಿ ಒಂದಾಗುವುದು.

ಬೆಟ್ಟದ ಮೇಲಿನ ಮನೆ, ಕೆಳಗಿನ ಊರು

ಚಿತ್ರ ಆರಂಭವಾಗುವುದು ಗೋಮೆಜ್ ಮತ್ತು ಮೋರ್ಟೀಶಿಯಾರ ಮದುವೆಯಿಂದ. ಮದುವೆಯ ನಡುವೆಯೇ ಪಂಜು ಹಿಡಿದ ಗುಂಪೊಂದು ನುಗ್ಗಿ ಅವರನ್ನು ಊರಿನಿಂದ ಓಡಿಸುತ್ತದೆ. ಯಾರೂ ತಮ್ಮನ್ನು ಹುಡುಕಿಕೊಂಡು ಬಾರದ ಜಾಗ ಬೇಕೆಂದು ದಂಪತಿ ನ್ಯೂಜೆರ್ಸಿಗೆ ಬಂದು, ಬೆಟ್ಟದ ಮೇಲೆ ಪಾಳು ಬಿದ್ದ ಹುಚ್ಚಾಸ್ಪತ್ರೆಯೊಂದರಲ್ಲಿ ನೆಲೆಸುತ್ತಾರೆ. ಹದಿಮೂರು ವರ್ಷ ದಟ್ಟ ಮಂಜು ಆ ಮನೆಯನ್ನು ಮುಚ್ಚಿಟ್ಟಿರುತ್ತದೆ. ಮಕ್ಕಳು ಗೇಟಿನಾಚೆ ಕಾಲಿಟ್ಟವರಲ್ಲ.

ಒಂದು ದಿನ ಮಂಜು ಕರಗುತ್ತದೆ. ಕೆಳಗಿನ ಜೌಗು ನೆಲವನ್ನು ಬತ್ತಿಸಿ ಅಲ್ಲೊಂದು ಹೊಸ ಊರು ಕಟ್ಟಲಾಗಿದೆ. ಕಟ್ಟಿಸಿದವಳು ಮಾರ್ಗೋ ನೀಡ್ಲರ್, ಟಿವಿಯಲ್ಲಿ ಮನೆಗಳ ಅಂದ ಹೆಚ್ಚಿಸುವ ಕಾರ್ಯಕ್ರಮ ನಡೆಸುವ ಹೆಂಗಸು. ಅವಳಿಗೆ ಊರಿನ ಮನೆಗಳು ಮಾರಾಟವಾಗಬೇಕು. ಬೆಟ್ಟದ ಮೇಲೆ ಕರ್ರಗಿನ ಬಂಗಲೆ ಕಾಣುತ್ತಿದ್ದರೆ ಕೊಳ್ಳುವವರು ಯಾರು? ಮೊದಲು ಆ ಮನೆಯನ್ನೇ ಸಿಂಗರಿಸಿ ಬದಲಿಸಲು ನೋಡುತ್ತಾಳೆ. ಅದು ಆಗದೆಂದು ತಿಳಿದಾಗ ಮನೆಯವರನ್ನೇ ಓಡಿಸಲು ಹೊರಡುತ್ತಾಳೆ. ಅವಳ ಆಯುಧ ಫೋನು. ಊರಿನವರ ಸಂದೇಶ ಗುಂಪಿನಲ್ಲಿ ಈ ಕುಟುಂಬದ ಬಗ್ಗೆ ಭಯ ಹುಟ್ಟಿಸುವ ಮಾತು ಹರಿಯಬಿಡುತ್ತಾಳೆ. ಅದನ್ನು ಓದಿದವರಲ್ಲಿ ಬೆಟ್ಟ ಹತ್ತಿ ನೋಡಿದವರು ಯಾರೂ ಇಲ್ಲ. ಆದರೂ ನಂಬುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ನಮ್ಮ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವ ನಮ್ಮಲ್ಲಿ ಹಲವರಿಗಿದೆ. ಫೋನಿನಲ್ಲಿ ಮನೆ ಖಾಲಿ ಇರುತ್ತದೆ, ಹೆಸರು ಹೇಳಿದ ಮೇಲೆ ತುಂಬಿಬಿಡುತ್ತದೆ. ಏನು ತಿನ್ನುತ್ತೀರಿ ಎಂಬ ಪ್ರಶ್ನೆ ಮುಂಗಡ ಎಷ್ಟು ಎಂಬುದಕ್ಕಿಂತ ಮೊದಲು ಬರುತ್ತದೆ. ಹಾಗಾಗಿ ಚಿತ್ರದ ಈ ಭಾಗವನ್ನು ನೋಡುವಾಗ ನಾವು ಸಹಜವಾಗಿಯೇ ಬೆಟ್ಟದ ಮೇಲಿನವರ ಪಕ್ಷ ವಹಿಸುತ್ತೇವೆ. ಚಿತ್ರ ಇಷ್ಟಕ್ಕೇ ನಿಂತಿದ್ದರೆ ನಮಗೆ ಹಿತವಾಗುತ್ತಿತ್ತು. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ.

ಗುಲಾಬಿ ಬಣ್ಣದ ಕ್ಲಿಪ್ಪು

ಮಗಳು ವೆನ್ಸ್‌ಡೇಗೆ ಹೊರಗಿನ ಲೋಕ ನೋಡುವ ಆಸೆ. ಕೆಳಗಿನ ಊರಿನ ಶಾಲೆಗೆ ಹೋಗುತ್ತಾಳೆ. ಅಲ್ಲಿ ಮಾರ್ಗೋಳ ಮಗಳು ಪಾರ್ಕರ್‌ಳ ಪರಿಚಯವಾಗುತ್ತದೆ. ಪಾರ್ಕರ್‌ಳನ್ನು ಪೀಡಿಸುವ ಹುಡುಗಿಯರನ್ನು ವೆನ್ಸ್‌ಡೇ ಎದುರಿಸುತ್ತಾಳೆ. ಇಬ್ಬರೂ ಗೆಳತಿಯರಾಗುತ್ತಾರೆ. ಸ್ನೇಹದ ಜೊತೆಗೆ ಉಡುಪೂ ಅದಲುಬದಲಾಗುತ್ತದೆ. ಬಣ್ಣಬಣ್ಣದ ಮನೆಯ ಪಾರ್ಕರ್ ಕಪ್ಪು ಉಡುಪು ತೊಟ್ಟು ತಾಯಿಯ ಕೋಪಕ್ಕೆ ಗುರಿಯಾಗುತ್ತಾಳೆ. ಕಪ್ಪು ಮನೆಯ ವೆನ್ಸ್‌ಡೇ ಒಂದು ದಿನ ತಲೆಗೆ ಗುಲಾಬಿ ಬಣ್ಣದ ಕ್ಲಿಪ್ಪು ಸಿಕ್ಕಿಸಿಕೊಂಡು ಮನೆಗೆ ಬರುತ್ತಾಳೆ.

ಆ ಪುಟ್ಟ ಕ್ಲಿಪ್ಪನ್ನು ಕಂಡು ಮೋರ್ಟೀಶಿಯಾ ತತ್ತರಿಸುತ್ತಾಳೆ. ಹಾವು, ಚೇಳು, ಸ್ಫೋಟ ಯಾವುದಕ್ಕೂ ಅಂಜದ ತಾಯಿ ಅವಳು. ಮದುವೆಯ ದಿನವೇ ಪಂಜಿನ ಗುಂಪು ಅಟ್ಟಿಸಿಕೊಂಡು ಬಂದಾಗಲೂ ಧೈರ್ಯಗೆಡದವಳು. ಮಗಳ ತಲೆಯ ಮೇಲಿನ ಗುಲಾಬಿ ಬಣ್ಣ ಅವಳನ್ನು ಸೋಲಿಸುತ್ತದೆ. ನೋಡುವವರಿಗೆ ಇದು ನಗುವ ಸನ್ನಿವೇಶ. ತಾಯಂದಿರಿಗೆ ಮಾತ್ರ ನಗುವಿನ ಜೊತೆಗೆ ಎಲ್ಲೋ ಚುಚ್ಚುತ್ತದೆ.

ಮೋರ್ಟೀಶಿಯಾಳ ಭಯಕ್ಕೆ ಕಾರಣವಿದೆ. ಹೊರಗಿನವರು ತನ್ನನ್ನು ಹೇಗೆ ನಡೆಸಿಕೊಂಡರೆಂಬುದು ಅವಳಿಗೆ ಗೊತ್ತು. ಮಗಳು ಆ ಲೋಕಕ್ಕೆ ಸೇರಿಬಿಟ್ಟರೆ ತನ್ನಿಂದ ದೂರವಾಗುತ್ತಾಳೆ, ಇಲ್ಲವೇ ನೋಯುತ್ತಾಳೆ ಎಂಬುದು ಅವಳ ಆತಂಕ. ಅದು ಪ್ರೀತಿಯ ಆತಂಕವೇ. ಆದರೆ ಅದರ ಪರಿಣಾಮ ಏನಾಯಿತು? 'ನೀವು ನಮ್ಮ ಹಾಗಿಲ್ಲ' ಎಂದು ಕೆಳಗಿನ ಊರಿನವರು ಅವಳಿಗೆ ಹೇಳಿದ್ದನ್ನೇ ಅವಳು ಮಗಳಿಗೆ ಹೇಳಿದಳು. ಮಗಳು ಮನೆ ಬಿಟ್ಟು ಗೆಳತಿಯ ಮನೆಗೆ ಹೋದಳು. ಒಬ್ಬಳು ಬಣ್ಣಕ್ಕಾಗಿ, ಇನ್ನೊಬ್ಬಳು ಕಪ್ಪಿಗಾಗಿ ಮಗಳೊಡನೆ ಕಾದಾಡುವ ಮಾರ್ಗೋ ಮತ್ತು ಮೋರ್ಟೀಶಿಯಾ ಆ ಗಳಿಗೆಯಲ್ಲಿ ಒಂದೇ ತಕ್ಕಡಿಯಲ್ಲಿ ಕೂತಿರುತ್ತಾರೆ.

ಮಗ ಪಗ್ಸ್‌ಲೀಯ ಕಥೆಯೂ ಇದನ್ನೇ ಹೇಳುತ್ತದೆ. ಬಂಧುಬಳಗದವರೆಲ್ಲ ಸೇರಿದ ಸಮಾರಂಭದಲ್ಲಿ ಅವನು ಕತ್ತಿ ಹಿಡಿದು ಮನೆತನದ ಸಾಂಪ್ರದಾಯಿಕ ನೃತ್ಯ ಮಾಡಿ ತಾನು ದೊಡ್ಡವನಾದೆನೆಂದು ತೋರಿಸಬೇಕು. ಗೋಮೆಜ್ ಹಗಲಿರುಳು ತರಬೇತಿ ಕೊಡುತ್ತಾನೆ. ಹುಡುಗನಿಗೆ ಅದು ಬರುವುದೇ ಇಲ್ಲ. ಅವನಿಗೆ ಬರುವುದು ಮದ್ದುಗುಂಡಿನ ವಿದ್ಯೆ. ಸಮಾರಂಭದಲ್ಲಿ ಸೋತ ಅದೇ ಹುಡುಗ ಊರಿನವರು ಮನೆಗೆ ಮುತ್ತಿಗೆ ಹಾಕಿದಾಗ ತನ್ನ ವಿದ್ಯೆಯಿಂದಲೇ ಕುಟುಂಬವನ್ನು ಕಾಪಾಡುತ್ತಾನೆ. ಡಾಕ್ಟರು ಅಥವಾ ಇಂಜಿನಿಯರು, ಎರಡರಲ್ಲಿ ಒಂದು ಆಗಲೇಬೇಕೆಂದು ಮಗನ ಮೇಲೆ ಕೂತಿರುವ ತಂದೆಯರು ಈ ಭಾಗವನ್ನು ಒಮ್ಮೆ ನೋಡಬಹುದು.

ಇಣುಕಿ ನೋಡುತ್ತಿದ್ದವರು ಯಾರು?

ಗೆಳತಿಯ ಮನೆಯಲ್ಲಿ ವೆನ್ಸ್‌ಡೇ ಮತ್ತು ಪಾರ್ಕರ್ ಒಂದು ಗುಪ್ತ ಕೋಣೆಯನ್ನು ಪತ್ತೆ ಮಾಡುತ್ತಾರೆ. ಅದರ ತುಂಬಾ ಟಿವಿ ಪರದೆಗಳು. ಊರಿನ ಪ್ರತಿಯೊಂದು ಮನೆಯೊಳಗೂ ಮಾರ್ಗೋ ಕಳ್ಳ ಕ್ಯಾಮರಾ ಇರಿಸಿದ್ದಾಳೆ! ಬೆಟ್ಟದ ಮೇಲಿನವರು ಅಪಾಯಕಾರಿ ಎಂದು ಊರೆಲ್ಲ ಹೆದರಿಕೊಂಡಿರುವಾಗ, ಅವರ ಅಡುಗೆಮನೆ, ಮಲಗುವ ಕೋಣೆಗಳಿಗೆ ಕಣ್ಣಿಟ್ಟು ಕೂತವಳು ಸದಾ ನಗುವ, ಸದಾ ಅಲಂಕಾರ ಮಾಡಿಕೊಂಡ, ಎಲ್ಲರೂ ಮೆಚ್ಚುವ ಹೆಂಗಸು. ಹೊರಗಿನ ರೂಪ ನೋಡಿ ಒಬ್ಬರನ್ನು ದೂರವಿಟ್ಟು, ಇನ್ನೊಬ್ಬರನ್ನು ಕಣ್ಣುಮುಚ್ಚಿ ನಂಬುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಕೊನೆಗೆ ಸತ್ಯ ಬಯಲಾಗುತ್ತದೆ. ಮನೆಯ ಮೇಲೆ ಬಂಡೆ ಎಸೆದ ಊರಿನವರೇ ಮುರಿದ ಮನೆಯನ್ನು ಮತ್ತೆ ಕಟ್ಟಲು ಕೈಜೋಡಿಸುತ್ತಾರೆ. ತಾಯಿ-ಮಗಳು ಒಂದಾಗುತ್ತಾರೆ.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಮುಂದೇನಾಗುತ್ತದೆ ಎಂಬುದನ್ನು ದೊಡ್ಡವರು ಮೊದಲೇ ಊಹಿಸಬಲ್ಲರು. ಬಂಡೆ ಎಸೆದವರು ಇಷ್ಟು ಬೇಗ ಬದಲಾಗುವುದು ನಿಜ ಜೀವನದಲ್ಲಿ ಅಪರೂಪ. ಮೈಯರ್ಸ್ ದಂಪತಿಯನ್ನು ಕೇಳಿದ್ದರೆ ಅವರು ಅದನ್ನೇ ಹೇಳುತ್ತಿದ್ದರೇನೋ. ಊರಿಡೀ ಕಳ್ಳಗಣ್ಣಿಟ್ಟ ಮಾರ್ಗೋಗೆ ಸರಿಯಾದ ಶಿಕ್ಷೆಯೂ ಆಗುವುದಿಲ್ಲ. 1991ರಲ್ಲಿ ಬ್ಯಾರಿ ಸಾನನ್‌ಫೆಲ್ಡ್ ನಿರ್ದೇಶಿಸಿದ, ರಾಲ್ ಜೂಲಿಯಾ ಮತ್ತು ಆಂಜೆಲಿಕಾ ಹ್ಯೂಸ್ಟನ್ ನಟಿಸಿದ ಚಿತ್ರದ ಮೊನಚು ಇದಕ್ಕಿಲ್ಲ. ಆದರೂ ಜನ ಮೆಚ್ಚಿದರು. ಲೋಕದಾದ್ಯಂತ ಸುಮಾರು 20 ಕೋಟಿ ಡಾಲರ್ ಗಳಿಸಿದ ಈ ಚಿತ್ರದ ಮುಂದಿನ ಭಾಗ 2021ರಲ್ಲಿ ಬಂತು. 2022ರಲ್ಲಿ ವೆನ್ಸ್‌ಡೇಯನ್ನೇ ನಾಯಕಿಯಾಗಿಸಿದ ಸರಣಿಯೊಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದು ಹದಿಹರೆಯದ ಹುಡುಗಿಯರ ಮನಸ್ಸು ಗೆದ್ದಿತು. ಎಲ್ಲರೂ ನಗಬೇಕೆಂದು ಒತ್ತಾಯಿಸುವ ಲೋಕದಲ್ಲಿ ನಗದೆಯೂ ಇರಬಲ್ಲ ಹುಡುಗಿ ಅವರಿಗೆ ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸರಣಿಯಲ್ಲಿ ಕೊಲೆ, ರಕ್ತ ಇವೆ. ಅನಿಮೇಶನ್ ಚಿತ್ರದಂತೆ ಅದು ಪುಟ್ಟ ಮಕ್ಕಳಿಗಲ್ಲ ಎಂಬುದನ್ನು ತಂದೆ-ತಾಯಿ ಗಮನದಲ್ಲಿಡಬೇಕು.

ಅನಿಮೇಶನ್ ಚಿತ್ರವನ್ನೂ ತೀರಾ ಚಿಕ್ಕವರಿಗೆ ಒಂಟಿಯಾಗಿ ತೋರಿಸಬೇಡಿ. ಕತ್ತಿ, ಸ್ಫೋಟ, ಸತ್ತ ಕಪ್ಪೆಗಳು ಎದ್ದು ಕುಣಿಯುವ ದೃಶ್ಯ ಎಲ್ಲ ಅದರಲ್ಲಿವೆ. ಇವೆಲ್ಲ ತಮಾಷೆಗೆ ಬರೆದ ಚಿತ್ರಗಳು, ಹೀಗೆ ಮಾಡಿದರೆ ನಿಜಕ್ಕೂ ಗಾಯವಾಗುತ್ತದೆ ಎಂದು ಜೊತೆಯಲ್ಲಿ ಕೂತು ಹೇಳಿ. ಏಳೆಂಟು ವರ್ಷ ದಾಟಿದ ಮಕ್ಕಳಿದ್ದರೆ ನೋಡಿದ ಮೇಲೆ ಅವರೊಡನೆ ಮಾತನಾಡಿ. ನಿನ್ನ ತರಗತಿಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದ ಮಗು ಇದೆಯೇ? ಅದರ ಪಕ್ಕದಲ್ಲಿ ನೀನು ಎಂದಾದರೂ ಕೂತಿದ್ದೀಯಾ? ಈ ಪ್ರಶ್ನೆಗಳಿಗೆ ಬರುವ ಉತ್ತರ ಚಿತ್ರಕ್ಕಿಂತ ಹೆಚ್ಚು ಕಲಿಸೀತು.

ಸಹೋದರಿಯರೇ, ನಮ್ಮ ಹೆಸರು, ನಮ್ಮ ಉಡುಪು, ನಮ್ಮ ಊಟವನ್ನು ಲೋಕ ಗೌರವಿಸಬೇಕೆಂದು ನಾವು ಬಯಸುತ್ತೇವೆ. ಅದು ನ್ಯಾಯವಾದ ಬಯಕೆ. ಅದೇ ಗೌರವ ನಮ್ಮ ಮನೆಯೊಳಗೆ ಎಲ್ಲರಿಗೂ ಸಿಗುತ್ತಿದೆಯೇ? ಬೇರೆ ಊರಿನಿಂದ ಬಂದ ಸೊಸೆಯ ಮಾತಿನ ಧಾಟಿಯನ್ನು ಅಣಕಿಸುವವರು ನಾವಲ್ಲವೇ? ಮಾತು ತಡವಾಗಿ ಬಂದ ಮಗುವನ್ನು ನೆಂಟರೆದುರು ಬಚ್ಚಿಡುವವರು, ಮದುವೆಯಾಗದ ನಾದಿನಿಗೆ ದಿನಕ್ಕೊಂದು ಮಾತು ಚುಚ್ಚುವವರು, ಚಿತ್ರ ಬರೆಯುವ ಮಗನನ್ನು ಕೆಲಸಕ್ಕೆ ಬಾರದವನೆನ್ನುವವರು ಯಾರು? ಮನೆಯ ಸಂಸ್ಕಾರವನ್ನು ಮಕ್ಕಳಿಗೆ ಕಲಿಸುವುದು ತಾಯಿಯ ಹೊಣೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಯಾವುದು ಸಂಸ್ಕಾರ, ಯಾವುದು ಬರೀ ನಮ್ಮ ಅಭ್ಯಾಸ ಎಂಬುದನ್ನು ಬೇರೆ ಮಾಡಿ ನೋಡಬೇಕು. ಮಗಳು ಮುಂದಿನ ಸಲ ನಮಗೆ ಹಿಡಿಸದ ಬಣ್ಣದ ಕ್ಲಿಪ್ಪು ಹಾಕಿಕೊಂಡು ಬಂದರೆ ಗದರುವ ಮೊದಲು ಅದನ್ನು ಕೊಟ್ಟ ಗೆಳತಿಯ ಹೆಸರೇನೆಂದು ಕೇಳೋಣ. ಸಾಧ್ಯವಾದರೆ ಆ ಗೆಳತಿಯನ್ನು ಒಂದು ದಿನ ಊಟಕ್ಕೆ ಕರೆಯೋಣ.